ಅಡಿಗೆಮನೆಯ ಲೆಕ್ಕ, ಪುಸ್ತಕದ ಲೆಕ್ಕ



ಮಕ್ಕಳ ಅಂಕಪಟ್ಟಿ ಬಂದ ದಿನ ಮನೆಮನೆಯಲ್ಲೂ ಕೇಳಿಬರುವ ಮಾತೊಂದಿದೆ: "ಮಿಕ್ಕಿದ್ದೆಲ್ಲಾ ಸರಿ, ಲೆಕ್ಕದಲ್ಲೇ ಹೋಯ್ತು ನೋಡಿ." ಹೆಣ್ಣುಮಗುವಾದರೆ ಈ ಮಾತಿಗೆ ಇನ್ನೊಂದು ಬಾಲ ಸೇರುತ್ತದೆ: "ನನಗೇ ಲೆಕ್ಕ ಬರ್ತಿರಲಿಲ್ಲ, ಇವಳಿಗೆ ಎಲ್ಲಿಂದ ಬರಬೇಕು?"

ಹೀಗೆ ಹೇಳುವ ತಾಯಿ ಅಂದು ಬೆಳಿಗ್ಗೆಯೇ ನಾಲ್ಕು ಜನಕ್ಕೆ ಮಾಡುವ ಹುಳಿಯನ್ನು ಏಳು ಜನಕ್ಕೆ ಹೊಂದಿಸಿರುತ್ತಾಳೆ. ಹಾಲಿನವನ ಲೆಕ್ಕದಲ್ಲಿ ಎರಡು ಪ್ಯಾಕೆಟ್ಟು ಹೆಚ್ಚಾಗಿರುವುದನ್ನು ಕ್ಯಾಲೆಂಡರ್ ನೋಡಿ ಹಿಡಿದಿರುತ್ತಾಳೆ. ಸಿಲಿಂಡರು ಇನ್ನೆಷ್ಟು ದಿನ ಬಂದೀತು, ತಿಂಗಳ ಕೊನೆಯವರೆಗೆ ಎಣ್ಣೆ ಸಾಕಾದೀತೇ ಎಂದು ಮನಸ್ಸಿನಲ್ಲೇ ಅಂದಾಜು ಹಾಕಿರುತ್ತಾಳೆ. ಇದೆಲ್ಲ ಲೆಕ್ಕವಲ್ಲದೆ ಮತ್ತೇನು? ಆದರೂ ನಮ್ಮ ಪಾಲಿಗೆ ಲೆಕ್ಕ ಅಂದರೆ ಪುಸ್ತಕದ್ದು, ಅಡಿಗೆಮನೆಯದು ಬರೀ ಕೆಲಸ. ನಮ್ಮನ್ನು ನೋಡಿ ಮಕ್ಕಳೂ ಹಾಗೆಯೇ ತಿಳಿಯುತ್ತಾರೆ. ಈ ಎರಡನ್ನೂ ಸೇರಿಸುವುದು ಹೇಗೆ ಎಂಬುದು ಈ ಸಲದ ವಿಷಯ. ಒಂದರಿಂದ ಐದನೆಯ ತರಗತಿಯ ಮಕ್ಕಳಿರುವ ಮನೆಗಳಿಗೆ ಇದು ಹೆಚ್ಚು ಉಪಯೋಗ. ಇದಕ್ಕೆ ತಾಯಿ ಕಾಲೇಜು ಓದಿರಬೇಕೆಂದೇನೂ ಇಲ್ಲ.

ಬಾಳಿನ ವ್ಯವಹಾರದಿಂದಲೇ ಲೆಕ್ಕ ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣು ಹಂಚುವ, ಚಿನ್ನ ಬೆರೆಸುವ, ಬಡ್ಡಿ ಕಟ್ಟುವ ಲೆಕ್ಕಗಳಿವೆ. 12ನೇ ಶತಮಾನದ ರಾಜಾದಿತ್ಯನಂತೂ ಕನ್ನಡದಲ್ಲೇ ಗಣಿತ ಬರೆದು ಅದಕ್ಕೆ 'ವ್ಯವಹಾರಗಣಿತ' ಎಂದೇ ಹೆಸರಿಟ್ಟ.

ಎರಡು ಲೆಕ್ಕ, ಎರಡು ದಡ

ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನ ಬೀದಿಗಳಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಮಕ್ಕಳನ್ನು ಕೆಲವರು ಪರೀಕ್ಷಿಸಿ 1985ರಲ್ಲಿ ಒಂದು ಲೇಖನ ಬರೆದರು. ಗಿರಾಕಿಗಳಂತೆ ಹೋಗಿ, "ಹತ್ತು ಕಾಯಿಗೆ ಎಷ್ಟಾಯಿತು? ಚಿಲ್ಲರೆ ಎಷ್ಟು ಕೊಡುತ್ತೀ?" ಎಂದು ಕೇಳಿದಾಗ ಆ ಐದು ಮಕ್ಕಳು ನೂರಕ್ಕೆ 98ರಷ್ಟು ಸರಿಯುತ್ತರ ಕೊಟ್ಟರು. ಅದೇ ಮಕ್ಕಳಿಗೆ ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37ರಷ್ಟು ಮಾತ್ರ! ಕಾಯಿ ಒಂದಕ್ಕೆ 35ರಂತೆ ಹತ್ತು ಕಾಯಿಗೆ ಎಷ್ಟೆಂದು ಕೇಳಿದರೆ ಒಬ್ಬ ಹುಡುಗ, ಮೂರು ಕಾಯಿಗೆ 105, ಇನ್ನು ಮೂರು ಸೇರಿದರೆ 210, ಹೀಗೇ ಏರಿಸುತ್ತಾ 350ಕ್ಕೆ ಬಂದು ಮುಟ್ಟಿದ. ಮುಂದೆ ಒಂದು ಸೊನ್ನೆ ಹಾಕಿದರೆ ಮುಗಿಯಿತು ಎಂಬ ಶಾಲೆಯ ದಾರಿ ಅವನದಲ್ಲ.

ಅದು ಬೇರೆ ದೇಶದ ಮಾತು ಎನ್ನಬೇಡಿ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಯವರು ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳನ್ನು ಹೀಗೆಯೇ ನೋಡಿ, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಅಂಗಡಿಯಲ್ಲಿ ಥಟ್ಟನೆ ಲೆಕ್ಕ ಹೇಳುವ ಮಕ್ಕಳು ಪುಸ್ತಕದ ಲೆಕ್ಕಕ್ಕೆ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರು, ಅಂಗಡಿಯ ಲೆಕ್ಕಕ್ಕೆ ತಡವರಿಸಿದರು.

ಇದರಿಂದ ನಾವು ತಿಳಿಯಬೇಕಾದದ್ದೇನು? ಸಂತೆಗೆ ಕರೆದುಕೊಂಡು ಹೋದ ಮಾತ್ರಕ್ಕೆ ಮಗುವಿಗೆ ಪುಸ್ತಕದ ಲೆಕ್ಕ ಬಂದುಬಿಡುವುದಿಲ್ಲ. ಮಗ್ಗಿ ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಚಿಲ್ಲರೆ ಎಣಿಸಲೂ ಬರುವುದಿಲ್ಲ. ಈ ದಡದಿಂದ ಆ ದಡಕ್ಕೆ ಯಾರಾದರೂ ಕೈಹಿಡಿದು ದಾಟಿಸಬೇಕು. ಅದಕ್ಕೆ ಮೂರು ಮೆಟ್ಟಿಲು: ಮೊದಲು ಕೈಗೆ, ಆಮೇಲೆ ಬಾಯಿಗೆ, ಕೊನೆಗೆ ಕಾಗದಕ್ಕೆ. ನಿಜವಾದ ಪದಾರ್ಥವನ್ನು ಮಗು ಕೈಯಾರೆ ಎಣಿಸಲಿ, ಅಳೆಯಲಿ. "ಹೇಗೆ ಮಾಡಿದೆ, ಹೇಳು" ಎಂದು ಕೇಳಿ, ಅದರ ಬಾಯಿಂದಲೇ ಹೇಳಿಸಿ. ಆಮೇಲೆ, "ಇದನ್ನೇ ನಿಮ್ಮ ಮೇಷ್ಟ್ರು ಹೇಗೆ ಬರೆಸ್ತಾರೆ?" ಎಂದು ಸ್ಲೇಟು ಕೈಗೆ ಕೊಡಿ. ಸಾಮಾನ್ಯವಾಗಿ ಮನೆಗಳಲ್ಲಿ ಬಿಟ್ಟುಹೋಗುವುದು ಈ ಕೊನೆಯ ಮೆಟ್ಟಿಲೇ.

ಸಾಲವಲ್ಲ, ಚಿಲ್ಲರೆ

52ರಲ್ಲಿ 27 ಕಳೆಯಬೇಕು. "ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಂದೆ" ಎಂದು ಮಕ್ಕಳು ರಾಗವಾಗಿ ಹೇಳುತ್ತಾರೆ. "ಒಂದು ತಂದರೆ ಹತ್ತು ಹೇಗಾಯ್ತಮ್ಮಾ? ಸಾಲ ವಾಪಸು ಕೊಡೋದು ಬೇಡ್ವಾ?" ಎಂದು ಯಾವ ಮಗುವಾದರೂ ಕೇಳಿದರೆ ಅದು ಅಧಿಕಪ್ರಸಂಗವಲ್ಲ, ಜಾಣತನ.

ಐದು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಮಗುವಿನ ಮುಂದಿಡಿ. ನೀವೇ ಅಂಗಡಿಯವರಾಗಿ 27 ರೂಪಾಯಿ ಕೇಳಿ.

"ಎರಡು ನೋಟು ಕೊಡ್ತೀನಿ. ಏಳು ರೂಪಾಯಿ ಚಿಲ್ಲರೆ ಇಲ್ವಲ್ಲಮ್ಮಾ?"

"ಇಲ್ಲದಿದ್ದರೆ ಏನು ಮಾಡ್ತಾರೆ ಪುಟ್ಟಿ?"

"ಒಂದು ನೋಟು ಮುರಿಸ್ತಾರೆ!"

ಅಷ್ಟೇ ನೋಡಿ. ಒಂದು ನೋಟು ತೆಗೆದುಕೊಂಡು ಹತ್ತು ನಾಣ್ಯ ಕೊಡಿ. ಈಗ ಮಗುವಿನ ಹತ್ತಿರ ನಾಲ್ಕು ನೋಟು, ಹನ್ನೆರಡು ನಾಣ್ಯ. ಎರಡು ನೋಟು, ಏಳು ನಾಣ್ಯ ಕೊಟ್ಟರೆ ಉಳಿದದ್ದು ಎರಡು ನೋಟು, ಐದು ನಾಣ್ಯ, ಅಂದರೆ 25. ಆ ಕೂಡಲೇ ಸ್ಲೇಟಿನ ಮೇಲೆ ಬರೆಸಿ. ಐದನ್ನು ಹೊಡೆದು ಮೇಲೆ ಬರೆಯುವ ನಾಲ್ಕು ಯಾವುದು? ಉಳಿದ ನೋಟು. ಎರಡರ ತಲೆಯ ಮೇಲೆ ಬರೆಯುವ ಹನ್ನೆರಡು ಯಾವುದು? ಈಗಿರುವ ನಾಣ್ಯ. ಇದು ಸಾಲವಲ್ಲ, ಚಿಲ್ಲರೆ ಮಾಡಿಸಿದ್ದು ಎಂದು ತಿಳಿದ ಮಗು ಮತ್ತೆ ಎಡವುವುದು ಕಡಿಮೆ.

ಸೊಪ್ಪು ಮಾರುವ ಅಜ್ಜಿಯ ದಾರಿಯೂ ಮಗುವಿಗೆ ಗೊತ್ತಿರಲಿ. 27 ರೂಪಾಯಿಯ ಸೊಪ್ಪಿಗೆ ಐವತ್ತರ ನೋಟು ಕೊಟ್ಟರೆ ಆಕೆ ಕಳೆಯುವುದೇ ಇಲ್ಲ. "ಇಪ್ಪತ್ತೇಳು... ಮೂವತ್ತು" ಎಂದು ಮೂರು ನಾಣ್ಯ, "ನಲವತ್ತು, ಐವತ್ತು" ಎಂದು ಎರಡು ನೋಟು ಕೈಗಿಡುತ್ತಾಳೆ. ಸೇರಿದರೆ 23. ಕಳೆಯುವ ಲೆಕ್ಕವನ್ನು ಕೂಡುತ್ತಾ ಮಾಡಿದಂತಾಯಿತು. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದಾಗ ಮಗುವಿನ ಮುಖ ನೋಡಬೇಕು!

ಈಗ ಒಂದು ತೊಡಕಿದೆ. ಮೊಬೈಲು ಹಿಡಿದು ದುಡ್ಡು ಕೊಡುವ ಪದ್ಧತಿ 2016ರಿಂದೀಚೆಗೆ ಬಂದು, ತಳ್ಳುಗಾಡಿಯವರೆಗೂ ಹರಡಿಬಿಟ್ಟಿದೆ. ನಮಗೆ ಅನುಕೂಲವೇ. ಆದರೆ ಮಗುವಿನ ಕಣ್ಣಿಗೆ ಕಾಣುವುದು ಒಂದು 'ಟಿಣ್' ಶಬ್ದ ಮಾತ್ರ. ನೋಟು ಮುರಿಯುವುದೂ ಇಲ್ಲ, ಚಿಲ್ಲರೆ ಬರುವುದೂ ಇಲ್ಲ. ಆದ್ದರಿಂದ ವಾರಕ್ಕೊಂದು ಸಲವಾದರೂ ನೂರು ರೂಪಾಯಿಯನ್ನು ನೋಟು, ನಾಣ್ಯಗಳಲ್ಲೇ ಮಗುವಿನ ಕೈಗೆ ಕೊಟ್ಟು, ಬೇಕಾದ ಎರಡು ಮೂರು ಸಾಮಾನು ತರಿಸಿ, ಲೆಕ್ಕ ಒಪ್ಪಿಸಿಕೊಳ್ಳಿ. ಆಟದ ದುಡ್ಡು ಬೇಡ, ನಿಜವಾದದ್ದೇ ಇರಲಿ. ಕಳೆದರೆ ಕಳೆದೇಹೋಗುತ್ತದೆ ಎಂಬ ಜವಾಬ್ದಾರಿಯೇ ಮಗುವನ್ನು ಎರಡೆರಡು ಸಲ ಎಣಿಸುವಂತೆ ಮಾಡುತ್ತದೆ.

ಕಾಲು, ಅರೆ, ಮುಕ್ಕಾಲು

ಭಿನ್ನರಾಶಿ ಎಂಬ ಹೆಸರು ಕೇಳಿದರೇ ಮಕ್ಕಳಿಗೆ ದಿಗಿಲು. ಆದರೆ ಕನ್ನಡದ ಮಗು ಶಾಲೆಗೆ ಹೋಗುವ ಮೊದಲೇ ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಎಲ್ಲ ಆಡುತ್ತಿರುತ್ತದೆ. ಹಸುವಿಗೂ ಮಂಚಕ್ಕೂ ನಾಲ್ಕು ಕಾಲು. ನಾಲ್ಕರಲ್ಲಿ ಒಂದು, ಒಂದು ಕಾಲು! ನೆನಪಿಡಲು ಇಷ್ಟು ಸಾಕು.

ಅರ್ಧಕ್ಕೆ ಕಾಲು ಕೂಡಿಸು ಎಂದು ಅಂಕಿಯಲ್ಲಿ ಕೊಟ್ಟರೆ ಎಷ್ಟೋ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/6 ಎಂದು ಬರೆಯುತ್ತಾರೆ. ಬೈಯಬೇಡಿ. ಒಂದು ದೋಸೆಯನ್ನು ಆರು ತುಂಡು ಮಾಡಿ, ಎರಡು ತುಂಡು ತಟ್ಟೆಗೆ ಹಾಕಿ. ಪಕ್ಕದಲ್ಲಿ ಅರ್ಧ ದೋಸೆ ಇಡಿ. "ಅರ್ಧಕ್ಕೆ ಇನ್ನೂ ಕಾಲು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಯ್ತೇನೋ ಪುಟ್ಟ?" ಎಂದು ಕೇಳಿ. ಅವನೇ ನಕ್ಕು, ಮುಕ್ಕಾಲು ಎನ್ನುತ್ತಾನೆ. ಆಗ ಅರ್ಧವನ್ನು ಎರಡು ಕಾಲಾಗಿ ಕತ್ತರಿಸಿ ತೋರಿಸಿ, ಎರಡು ಕಾಲು, ಮತ್ತೊಂದು ಕಾಲು, ಒಟ್ಟು ಮೂರು ಕಾಲು ಎಂದು ಎಣಿಸಿ, 2/4 + 1/4 = 3/4 ಎಂದು ಬರೆಸಿ. ಛೇದ ಸಮ ಮಾಡುವುದು ಎಂದರೆ ತುಂಡುಗಳನ್ನು ಒಂದೇ ಗಾತ್ರಕ್ಕೆ ತರುವುದು, ಇಷ್ಟೇ. ಕಾಲು ದೊಡ್ಡದೋ 1/8 ದೊಡ್ಡದೋ ಎಂದರೆ, ಎಂಟು ದೊಡ್ಡ ಅಂಕಿಯೆಂದು 1/8 ಎನ್ನುವ ಮಕ್ಕಳಿಗೂ ದೋಸೆಯೇ ಮದ್ದು. ನಾಲ್ಕು ಜನ ಹಂಚಿಕೊಂಡರೆ ಹೆಚ್ಚು ಸಿಗುತ್ತದೋ, ಎಂಟು ಜನವೋ?

ಮನೆಯಲ್ಲಿ ಹಳೆಯ ಸೇರು, ಪಾವು ಇದ್ದರೆ ಅಟ್ಟದಿಂದ ಇಳಿಸಿ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ನೀರು ತುಂಬಿ ಸುರಿದು ಆಡಲಿ. ಇಡ್ಲಿಗೆ ನೆನೆಹಾಕುವ ದಿನ ಮಗುವಿಗೇ ಅಳೆಯಲು ಬಿಡಿ. ಒಂದು ಪಾವು ಉದ್ದಿನಬೇಳೆಗೆ ಮೂರು ಪಾವು ಅಕ್ಕಿಯಾದರೆ, ಎರಡು ಪಾವಿಗೆ ಎಷ್ಟು? ಅರ್ಧ ಪಾವಿಗೆ ಎಷ್ಟು? ಅರ್ಧಕ್ಕೆ ಒಂದೂವರೆ ಎಂದು ಹೇಳಿದ ಮಗು ಅನುಪಾತದ ಮೊದಲ ಪಾಠ ಕಲಿತಾಯಿತು. ನಿಮ್ಮ ಮನೆಯ ಅಳತೆ ಬೇರೆಯಿದ್ದರೆ ಅದನ್ನೇ ಹೇಳಿಕೊಡಿ.

ತೂಕದ ಮಿಷನ್ನಿನ ಚುಕ್ಕೆ

ತರಕಾರಿ ಅಂಗಡಿಯ ತೂಕದ ಮಿಷನ್ನು ದಶಾಂಶ ಕಲಿಸುವ ಒಳ್ಳೆಯ ಮೇಷ್ಟ್ರು. ಕಾಲು ಕೇಜಿ ಹುರುಳಿಕಾಯಿ ಹಾಕಿದರೆ 0.250, ಅರ್ಧ ಕೇಜಿಗೆ 0.500, ಮುಕ್ಕಾಲಿಗೆ 0.750. 0.5 ದೊಡ್ಡದೋ 0.25 ದೊಡ್ಡದೋ ಎಂದು ಕೇಳಿದರೆ, ಐದಕ್ಕಿಂತ ಇಪ್ಪತ್ತೈದು ದೊಡ್ಡದು ಎಂದು ಮಕ್ಕಳು ಎರಡನೆಯದನ್ನೇ ತೋರಿಸುವುದುಂಟು. ಅರ್ಧ ಕೇಜಿಯ 0.500 ಕಣ್ಣಾರೆ ಕಂಡ ಮಗು ಹಾಗೆನ್ನದು. ಕೇಜಿಗೆ 60 ರೂಪಾಯಿ ಆದರೆ ಕಾಲು ಕೇಜಿಗೆ ಎಷ್ಟು? ಅರ್ಧದ ಅರ್ಧ ಮಾಡಿ 15 ಎನ್ನಲಿ. ಮನೆಗೆ ಬಂದ ಮೇಲೆ ಅದನ್ನೇ ನಾಲ್ಕರಿಂದ ಭಾಗಿಸಿ ಬರೆಯಲಿ.

ಮೊಳ ಯಾರದ್ದು?

ಹೂವಾಡಗಿತ್ತಿ ಮೊಳ ಹಾಕುವುದನ್ನು ಮಕ್ಕಳು ನೋಡಿರುತ್ತಾರೆ. ಮಂಚದ ಉದ್ದವನ್ನು ನೀವು ನಿಮ್ಮ ಮೊಳದಲ್ಲಿ ಅಳೆಯಿರಿ, ಮಗು ತನ್ನ ಮೊಳದಲ್ಲಿ ಅಳೆಯಲಿ. ನಿಮಗೆ ನಾಲ್ಕು ಬಂದರೆ ಅದಕ್ಕೆ ಆರು ಬಂದೀತು. ಮಂಚ ಒಂದೇ, ಅಂಕಿ ಮಾತ್ರ ಬೇರೆ! ಅಳತೆ ಚಿಕ್ಕದಾದರೆ ಅಂಕಿ ದೊಡ್ಡದಾಗುತ್ತದೆ ಎಂಬ ಸಂಗತಿ ಆಗ ತಾನಾಗಿ ತಲೆಗಿಳಿಯುತ್ತದೆ. ಮೀಟರನ್ನು ಸೆಂಟಿಮೀಟರಿಗೆ ತರುವಾಗ ಗುಣಿಸಬೇಕೋ ಭಾಗಿಸಬೇಕೋ ಎಂದು ಗಲಿಬಿಲಿಯಾಗುವ ಮಕ್ಕಳಿಗೆ ಈ ಆಟ ಬಹಳ ಉಪಯೋಗ. ಊರಿಗೊಂದು ಅಳತೆಯಾದರೆ ವ್ಯಾಪಾರ ನಡೆಯುವುದು ಕಷ್ಟ. ದೇಶಕ್ಕೆಲ್ಲ ಒಂದೇ ಅಳತೆಯಿರಲೆಂದೇ 1956ರಲ್ಲಿ ಕಾನೂನು ಮಾಡಿ ಮೀಟರು, ಕಿಲೋಗ್ರಾಂಗಳನ್ನು ತಂದರು ಎಂದೂ ಹೇಳಿ.

ಉಳಿದ ಒಂದನ್ನು ಏನು ಮಾಡೋಣ?

25ನ್ನು 3ರಿಂದ ಭಾಗಿಸಿದರೆ 8, ಶೇಷ 1. ಪುಸ್ತಕದಲ್ಲಿ ಇಲ್ಲಿಗೆ ಮುಗಿಯಿತು. ಮನೆಯಲ್ಲಿ ಇಲ್ಲಿಂದಲೇ ಶುರು. ಮದುವೆಮನೆಗೆ 25 ಜನ ಹೊರಟಿದ್ದಾರೆ, ಆಟೋಗೆ ಮೂರು ಜನ. ಎಷ್ಟು ಆಟೋ ಬೇಕು? ಎಂಟು ಅಂದರೆ ಒಬ್ಬರು ರಸ್ತೆಯಲ್ಲಿ ಉಳಿಯುತ್ತಾರೆ, ಒಂಬತ್ತು ಬೇಕು. 25 ಒಬ್ಬಟ್ಟನ್ನು ಮೂರು ಮನೆಗೆ ಸಮನಾಗಿ ಹಂಚಬೇಕು. ಎಂಟೆಂಟು ಕೊಟ್ಟು, ಉಳಿದ ಒಂದನ್ನು ಮೂರು ಭಾಗ ಮಾಡಬಹುದು. 25 ಅಡಿ ದಾರದಲ್ಲಿ ಮೂರು ಮೂರು ಅಡಿಯ ತೋರಣ ಎಷ್ಟು ಕಟ್ಟಬಹುದು? ಎಂಟೇ; ಉಳಿದ ಒಂದು ಅಡಿ ಪಕ್ಕಕ್ಕೆ. ಲೆಕ್ಕ ಒಂದೇ, ಉತ್ತರ ಮೂರು ಬಗೆ. ಅಂಕಿ ನೋಡಿದೊಡನೆ ಭಾಗಿಸಲು ಹೊರಡದೆ ಮೊದಲು ಲೆಕ್ಕ ಓದಬೇಕು ಎಂಬ ಬುದ್ಧಿ ಇದರಿಂದ ಬರುತ್ತದೆ.

ಗಡಿಯಾರದಲ್ಲೂ ಹೀಗೊಂದು ಮೋಸವಿದೆ. ಹತ್ತು ಮುಕ್ಕಾಲಿಗೆ ಹೊರಟ ಬಸ್ಸು ಹನ್ನೆರಡು ಹತ್ತಕ್ಕೆ ಊರು ಮುಟ್ಟಿದರೆ ಎಷ್ಟು ಹೊತ್ತಾಯಿತು? 12.10ರಲ್ಲಿ 10.45 ಕಳೆದರೆ 1.65 ಬರುತ್ತದೆ! ಗಂಟೆಗೆ ನೂರು ನಿಮಿಷವಲ್ಲವಲ್ಲ. ಸೊಪ್ಪಿನ ಅಜ್ಜಿಯ ಹಾಗೆ ಎಣಿಸಲಿ. ಹನ್ನೊಂದಕ್ಕೆ ಕಾಲು ಗಂಟೆ, ಹನ್ನೆರಡಕ್ಕೆ ಒಂದು ಗಂಟೆ, ಮೇಲೆ ಹತ್ತು ನಿಮಿಷ. ಒಟ್ಟು ಒಂದು ಗಂಟೆ 25 ನಿಮಿಷ.

ರಂಗೋಲಿ, ಅಳಗುಳಿಮಣೆ

ಬಾಗಿಲ ಮುಂದಿನ ಚುಕ್ಕೆ ರಂಗೋಲಿಯಲ್ಲಿ 1, 3, 5, 7, 5, 3, 1 ಎಂದು ಚುಕ್ಕೆ ಇಟ್ಟರೆ ಒಟ್ಟು 25. ಏಳರವರೆಗಿನ ಅರ್ಧ ಮಾತ್ರ ಕೂಡಿದರೆ 16, ಅಂದರೆ ನಾಲ್ಕು ನಾಲ್ಕಲ. ಉಳಿದ 5, 3, 1 ಕೂಡಿದರೆ 9, ಅಂದರೆ ಮೂರು ಮೂರಲ. ಮಗು ಇದನ್ನು ತಾನೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಿಬಿಡಬೇಡಿ. ಅಳಗುಳಿಮಣೆಯಲ್ಲಿ (ಕರಾವಳಿಯ ಕಡೆ ಚೆನ್ನೆಮಣೆ) ಸಾಲಿಗೆ ಏಳರಂತೆ ಎರಡು ಸಾಲು, 14 ಗುಳಿ. ಗುಳಿಗೆ ಐದು ಬೀಜ ಹಾಕಿದರೆ 70, ನಾಲ್ಕು ಹಾಕಿದರೆ 56. ಈ ಗುಳಿಯಿಂದ ಬಿತ್ತುತ್ತಾ ಹೋದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಮೊದಲೇ ಎಣಿಸುವ ಮಗುವಿಗೆ ಮನಸ್ಸಿನ ಲೆಕ್ಕ ಚುರುಕಾಗುತ್ತದೆ.

ನಮ್ಮ ಸರ್ಕಾರಿ ಶಾಲೆಗಳೂ ಈ ದಾರಿ ಹಿಡಿದಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಚಿಕ್ಕ ತರಗತಿಗಳಿಗೆ ಆಟ, ಚಟುವಟಿಕೆಗಳ ಮೂಲಕ ಕಲಿಯುವುದನ್ನು ತಂದಿತು. 'ಗಣಿತ ಕಲಿಕಾ ಆಂದೋಲನ'ದಲ್ಲಿ ನಾಲ್ಕು, ಐದನೆಯ ತರಗತಿಗಳಿಗೆ ಮಣಿ, ಆಟದ ನೋಟು, ಅಳತೆಯ ಸಾಮಾನಿನ ಪೆಟ್ಟಿಗೆ ಬಂದಿತು. ಶಾಲೆಯಲ್ಲಿ ಮುಟ್ಟಿ ಕಲಿತದ್ದನ್ನು ಮನೆಯಲ್ಲಿ ಬಳಸಿದರೆ ತಾನೇ ಅದು ನಿಲ್ಲುವುದು?

ಕೆಲವು ಎಚ್ಚರಿಕೆಗಳು

ಊಟದ ತಟ್ಟೆಯ ಮುಂದೆ ದಿನವೂ ಪ್ರಶ್ನೆ ಹಾಕಿದರೆ ದೋಸೆಯೂ ಕಹಿಯಾಗುತ್ತದೆ. ದಿನಕ್ಕೊಂದು ಲೆಕ್ಕ ಸಾಕು.

ಬೆರಳ ಗೆಣ್ಣು ಎಣಿಸುವ ಮಗುವನ್ನು ನೋಡಿ ನಗಬೇಡಿ. ಬೇಡವಾದಾಗ ತಾನೇ ಬಿಡುತ್ತದೆ.

ಉತ್ತರ ತಪ್ಪಾದರೆ ಕೂಡಲೇ "ತಪ್ಪು" ಎನ್ನದೆ "ಹೇಗೆ ಮಾಡಿದೆ?" ಎನ್ನಿ. ಹೇಳುತ್ತಾ ಹೇಳುತ್ತಾ ಎಷ್ಟೋ ಸಲ ಮಗು ತಾನೇ ತಿದ್ದಿಕೊಳ್ಳುತ್ತದೆ. ಸರಿಯಾದಾಗಲೂ ಇದೇ ಪ್ರಶ್ನೆ ಕೇಳಿ.

ಅಳೆಯುವ ಕೆಲಸ ಹುಡುಗಿಗೆ, ಅಂಗಡಿಗೆ ಹೋಗುವುದು ಹುಡುಗನಿಗೆ ಎಂದು ಭಾಗ ಮಾಡಬೇಡಿ. ಇಬ್ಬರೂ ಎರಡನ್ನೂ ಮಾಡಲಿ. "ನನಗೆ ಲೆಕ್ಕ ಬರೋಲ್ಲ" ಎಂಬ ಮಾತನ್ನು ಮಗಳ ಕಿವಿಗೆ ಬೀಳುವಂತೆ ಆಡಲೇಬೇಡಿ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದ ಶಕುಂತಲಾದೇವಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಎಲ್ಲರೂ ಅವರಂತಾಗಬೇಕಿಲ್ಲ. ಆದರೆ ಲೆಕ್ಕ ಹೆಣ್ಣಿಗಲ್ಲ ಎಂಬ ಮಾತು ನಮ್ಮ ಊರಿನಲ್ಲಂತೂ ಹುಟ್ಟಬಾರದು.

ಈ ಹದಿನೈದು ದಿನಕ್ಕೆ

1. ಹಾಲಿನ ಲೆಕ್ಕವನ್ನು ಮಗುವಿಗೆ ಒಪ್ಪಿಸಿ. ಬಂದ ಪ್ಯಾಕೆಟ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹದಿನೈದನೆಯ ದಿನ ಒಟ್ಟು ಮೊತ್ತ ಅದೇ ಹೇಳಲಿ.

2. ಒಂದು ಸಲ ಸಂತೆ, ಒಂದು ಸಲ ಅಂಗಡಿ, ನಗದು ಕೊಟ್ಟು.

3. ಒಂದು ದಿನದ ಇಡ್ಲಿಯ ಅಳತೆ ಪೂರ್ತಿ ಮಗುವಿನದೇ.

4. ಇವುಗಳಲ್ಲಿ ಪ್ರತಿಯೊಂದನ್ನೂ ಸ್ಲೇಟಿನ ಮೇಲೆ ಒಮ್ಮೆ ಬರೆಸಲು ಮರೆಯಬೇಡಿ.

ಇಷ್ಟೆಲ್ಲ ಶ್ರಮ ಬರೀ ಅಂಕಪಟ್ಟಿಗಾಗಿ ಅಲ್ಲ. ಹೆಣ್ಣುಮಕ್ಕಳು ಮುಂದೆ ಸಂಘದಲ್ಲೋ ಕೈಸಾಲದಲ್ಲೋ ಕಾಗದಕ್ಕೆ ರುಜು ಹಾಕುವ ದಿನ ಬಂದೇ ಬರುತ್ತದೆ. "ನೂರಕ್ಕೆ ಮೂರೇ ರೂಪಾಯಿ ಬಡ್ಡಿ, ಅಕ್ಕಾ" ಎಂದು ಯಾರಾದರೂ ಹೇಳಿದರೆ ಕೇಳಲು ಎಷ್ಟು ಹಗುರ! ಅದು ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಹತ್ತು ಸಾವಿರಕ್ಕೆ ತಿಂಗಳಿಗೆ 300ರಂತೆ ವರ್ಷಕ್ಕೆ 3,600 ರೂಪಾಯಿ ಬಡ್ಡಿಯೇ ಆಯಿತು, ಅಸಲು ಹಾಗೇ ಕುಳಿತಿರುತ್ತದೆ. ವರ್ಷಕ್ಕೆ ನೂರಕ್ಕೆ 12 ಎಂದು ಕೊಡುವ ಕಡೆ ಅದೇ ಸಾಲಕ್ಕೆ 1,200. "ತಿಂಗಳಿಗೋ ವರ್ಷಕ್ಕೋ?" ಎಂದು ಒಂದೇ ಮಾತು ಕೇಳಬಲ್ಲವಳು ಮನೆ ಉಳಿಸಿಕೊಂಡಾಳು. ಇವತ್ತು ಪಾವಿನಲ್ಲಿ ಅಕ್ಕಿ ಅಳೆದು, "ಹೇಗೆ ಬಂತು" ಎಂದು ಬಾಯಿಬಿಟ್ಟು ಹೇಳಲು ಕಲಿತ ಹುಡುಗಿಗೆ ಆ ಪ್ರಶ್ನೆ ಕೇಳಲು ಅಂಜಿಕೆಯಾಗದು.

ಮಗ್ಗಿಯನ್ನು ಅಳಿಸದೆ ಕಲಿಸುವುದು ಹೇಗೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.